ವ್ಯಾಯಾಮದ ಸಮೀಕ್ಷೆಗೆ ಬರುವವರು ನಮ್ಮ ತೋಟ, ಬೈಲುಗಳನ್ನು ಮೊದಲು ನೋಡಲಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟು ಗುಡ್ಡೆ ದಾರಿಗಳು ಒಣಗುತ್ತಿದ್ದಂತೆ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಪ್ರಬಂಧದ ಕೆಲಸಕ್ಕೆ ಊರೂರಿಗೆ ಹೊರಡುವ ಕಾಲ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ, ಕಣ್ಣೂರು ವಿಶ್ವವಿದ್ಯಾನಿಲಯ, ಗಡಿಯಾಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಈ ಮೂರಕ್ಕೂ ಕಾಸರಗೋಡು ಕೈಗೆಟಕುವ ದೂರದಲ್ಲಿದೆ. ಕ್ರೀಡೆ, ವ್ಯಾಯಾಮ, ದೈಹಿಕ ಚಟುವಟಿಕೆ, ಮಾನಸಿಕ ನೆಮ್ಮದಿ ಇವೆಲ್ಲ ಈಗ ಸಂಶೋಧನೆಗೆ ಒಪ್ಪುವ ವಿಷಯಗಳಾಗಿವೆ. ಅದು ಬೇಕಾದದ್ದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಕೇರಳದ ವಯಸ್ಕರಲ್ಲಿ ಶೇ. 25.5 ಮಂದಿಗೆ ಮಧುಮೇಹವಿದೆ. 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ, ಹೆಂಗಸರಲ್ಲಿ ಶೇ. 57 ಮಂದಿಯ, ದೈಹಿಕ ಚಟುವಟಿಕೆ ಸಾಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಆದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಕಡೆಯ ಮನೆಗಳಲ್ಲಿ ಇಂಥ ಲೆಕ್ಕ ತೆಗೆಯುವ ವಿಧಾನ ಸರಿಯಾಗದಿದ್ದರೆ ಬರುವ ಅಂಕಿಗಳು ನಮ್ಮ ಜನರನ್ನು ತಿಳಿಸಲಾರವು. ವ್ಯಾಯಾಮ ವಿಜ್ಞಾನ, ಸಾರ್ವಜನಿಕ ಆರೋಗ್ಯ ಕಲಿಸುವವರಾಗಿ ನಮ್ಮ ವಿನಂತಿ ಒಂದೇ: ಇಲ್ಲಿಯ ದುಡಿಮೆ, ಆಟ, ಭಾಷೆ, ಹವೆಗೆ ಹೊಂದಿಸಿಕೊಂಡ ಮೇಲೆಯೇ ಅಳತೆ ಶುರುಮಾಡಿ. ಹೇಗೆ ಹೊಂದಿಸಬೇಕು, ಎಲ್ಲಿ ತಪ್ಪುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೂ ಮಾರ್ಗದರ್ಶಕರಿಗೂ, ಸಮೀಕ್ಷೆಗೆ ಬಾಗಿಲು ತೆರೆಯುವ ಮನೆಯವರಿಗೂ ತಿಳಿಯುವಂತೆ ಬರೆಯುತ್ತಿದ್ದೇವೆ. ಪತ್ರ ಉದ್ದವಾದೀತು, ಜಾಗ ಕೊಡಿ.

ಈ ವಿಜ್ಞಾನ ಹುಟ್ಟಿದ್ದು ವ್ಯಾಯಾಮ ಶಾಲೆಯಲ್ಲಲ್ಲ, ಜನರ ಹೊಟ್ಟೆಪಾಡಿನ ಕೆಲಸದಲ್ಲಿ. ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಹೋಲಿಸಿದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಲ್ಲಿ ಹೃದಯಾಘಾತ ಹೆಚ್ಚು ಕಂಡಿತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಕೆಲಸಕ್ಕೆ ಸೇರುವಾಗಲೇ ಡ್ರೈವರುಗಳು ದಪ್ಪಗಿದ್ದಿರಬಹುದೇ ಎಂದು ಅನುಮಾನಿಸಿ, ನೌಕರರಿಗೆ ಕೊಟ್ಟ ಸಮವಸ್ತ್ರದ ಸೊಂಟದ ಅಳತೆಗಳನ್ನು ಕಡತಗಳಿಂದ ತೆಗೆಸಿ ನೋಡಿದರು. ಡ್ರೈವರುಗಳ ಸೊಂಟ ನಿಜಕ್ಕೂ ಮೊದಲೇ ದೊಡ್ಡದಿತ್ತು. ಅದನ್ನೂ 1956ರಲ್ಲಿ ಪ್ರಕಟಿಸಿದರು. ತಮ್ಮ ತೀರ್ಮಾನವನ್ನು ತಾವೇ ಹೀಗೆ ತಿಕ್ಕಿ ನೋಡುವ ಗುಣ ನಮ್ಮ ಎಂ.ಎಸ್ಸಿ., ಎಂ.ಪಿ.ಎಡ್. ಪ್ರಬಂಧಗಳಲ್ಲೂ ಇರಬೇಕು ಎಂಬುದು ನಮ್ಮ ಆಸೆ.

ಮೊದಲು ಪ್ರಶ್ನಾವಳಿಯ ವಿಷಯ. ಹೆಚ್ಚಿನವರು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ದೈಹಿಕ ಚಟುವಟಿಕೆಯ ಪ್ರಶ್ನಾವಳಿ ‘ಜಿಪ್ಯಾಕ್’. ಹದಿನಾರು ಪ್ರಶ್ನೆಗಳು, ದುಡಿಮೆ, ಓಡಾಟ, ಬಿಡುವಿನ ಚಟುವಟಿಕೆ, ಕೂತಿರುವ ಹೊತ್ತು ಎಂಬ ವಿಭಾಗಗಳು. ಮಧ್ಯಮ ಶ್ರಮದ ಪ್ರತಿ ನಿಮಿಷಕ್ಕೆ 4, ಕಠಿಣ ಶ್ರಮಕ್ಕೆ 8 ‘ಮೆಟ್’ ಎಂದು ಗುಣಿಸುತ್ತಾರೆ. ಒಂದು ಮೆಟ್ ಎಂದರೆ ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕ, ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್. ವಾರದ ಮೊತ್ತ 600 ದಾಟಿದರೆ ಸಾಕಷ್ಟು ಚಟುವಟಿಕೆ ಇದೆ ಎಂದು ಗಣನೆ.

ತೋಟದ ಮನೆಯ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ವಾರದಲ್ಲಿ ಆರು ದಿನ ಒಂದೂವರೆ ಗಂಟೆ ಹುಲ್ಲು ಹೆರೆದು ಹೊತ್ತು ತರುತ್ತಾರೆ. ಹಾಲಿನ ಸೊಸೈಟಿಗೆ ದಿನಾ ಹೋಗಿ ಬರಲು 20 ನಿಮಿಷ. ಹುಲ್ಲಿನದು 540 ನಿಮಿಷ, 4ರಿಂದ ಗುಣಿಸಿದರೆ 2160. ನಡಿಗೆಯದು 140 ನಿಮಿಷ, ಅಂದರೆ 560. ಒಟ್ಟು 2720. ಹಟ್ಟಿ ತೊಳೆಯುವುದು, ಸೊಪ್ಪು ಹಾಕುವುದು, ಬಾವಿಯಿಂದ ನೀರು ಸೇದುವುದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದೇ ಹೆಂಗಸಿಗೆ ‘ನೀವು ವ್ಯಾಯಾಮ ಮಾಡುತ್ತೀರಾ?’ ಎಂದು ಕೇಳಿ ‘ಇಲ್ಲ’ ಎಂದು ಬರೆದುಕೊಂಡು ಹೋದರೆ ಅವರು ಜಡ ಜೀವನದ ಪಟ್ಟಿಗೆ ಸೇರುತ್ತಾರೆ. ಬಿಡುವಿನ ವಿಭಾಗವನ್ನು ಮಾತ್ರ ಕೇಳಿ ಮುಗಿಸುವ ಅವಸರದ ಸಮೀಕ್ಷೆಗಳಲ್ಲಿ ಆಗುವ ಮೊದಲ ಅನ್ಯಾಯ ಇದು.

ಇದಕ್ಕೆ ಪರಿಹಾರ ಪ್ರಶ್ನಾವಳಿಯೊಳಗೇ ಇದೆ. ಜಿಪ್ಯಾಕ್ ಬಳಸುವವರು ಸ್ಥಳೀಯ ಉದಾಹರಣೆಗಳ ಚಿತ್ರಫಲಕಗಳನ್ನು ಮಾಡಿಕೊಂಡು ಉತ್ತರಿಸುವವರಿಗೆ ತೋರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯದೇ ಸೂಚನೆ. ಯಾವುದೋ ಊರಿನ ಫಲಕದಲ್ಲಿರುವ ಟ್ರೆಡ್‌ಮಿಲ್, ಹಿಮ ಬಾಚುವ ಚಿತ್ರ ಇಲ್ಲಿ ಪ್ರಯೋಜನವಿಲ್ಲ. ಕಾಸರಗೋಡಿನ ಫಲಕದಲ್ಲಿ ಅಡಿಕೆ ಮರ ಏರಿ ಗೊನೆ ಇಳಿಸುವುದು, ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವುದು, ತೋಟದ ಕಣಿ ಬಿಡಿಸುವುದು, ನೀರಿಗಾಗಿ ಗುಡ್ಡೆಯಲ್ಲಿ ಸುರಂಗ ತೋಡಿ ಮಣ್ಣು ಹೊರುವುದು, ಮುರಕಲ್ಲು ಎತ್ತುವುದು, ಕಡಪ್ಪುರದಲ್ಲಿ ದೋಣಿ ಎಳೆಯುವುದು, ಉದ್ಯೋಗ ಖಾತರಿಯ ಕೆಲಸ, ಗದ್ದೆ ನೇಜಿ ಇರಬೇಕು. ಪ್ರತಿಯೊಂದಕ್ಕೂ ಫೋಟೊ. ಯಾವುದು ಮಧ್ಯಮ, ಯಾವುದು ಕಠಿಣ ಎಂಬುದನ್ನು ವಿದ್ಯಾರ್ಥಿ ಊಹಿಸಿ ಬರೆಯಬಾರದು, ಉಸಿರಿನಿಂದ ತೀರ್ಮಾನಿಸಬೇಕು. ಕೆಲಸ ಮಾಡುತ್ತಾ ಮಾತಾಡಬಹುದು, ಆದರೆ ಪದ್ಯ ಹಾಡಲಾಗದು ಎಂದಾದರೆ ಮಧ್ಯಮ. ನಾಲ್ಕು ಮಾತಿಗೇ ಉಸಿರು ತೆಗೆಯಬೇಕಾದರೆ ಕಠಿಣ.

ಇನ್ನೂ ಎರಡು ಕಡೆ ಉತ್ತರ ಜಾರುತ್ತದೆ. ಬೀಡಿ ಕಟ್ಟುವವರು ಎಂಟು ಗಂಟೆ ಮೊರ ಮಡಿಲಲ್ಲಿಟ್ಟು ಕೂತಿರುತ್ತಾರೆ. ‘ದಿನಕ್ಕೆ ಎಷ್ಟು ಹೊತ್ತು ಕೂತಿರುತ್ತೀರಿ?’ ಎಂದು ಕೇಳಿದರೆ ‘ಕೂರಲು ಪುರುಸೊತ್ತೆಲ್ಲಿ?’ ಎನ್ನುತ್ತಾರೆ, ಏಕೆಂದರೆ ಅವರ ಮನಸ್ಸಿನಲ್ಲಿ ಕೂರುವುದೆಂದರೆ ಕೆಲಸ ಬಿಟ್ಟು ಕೂರುವುದು. ಆದ್ದರಿಂದ ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು, ಹೊಲಿಗೆ, ಟಿ.ವಿ., ಬಸ್ಸು ಎಂದು ಒಂದೊಂದಾಗಿ ಕೇಳಿ ಕೂಡಿಸಬೇಕು. ಎರಡನೆಯದು, ಹತ್ತು ನಿಮಿಷಕ್ಕಿಂತ ಕಡಿಮೆಯ ಶ್ರಮವನ್ನು ಜಿಪ್ಯಾಕ್ ಎಣಿಸುವುದಿಲ್ಲ. 2020ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಈ ಹತ್ತು ನಿಮಿಷದ ಕಟ್ಟುಪಾಡನ್ನು ಕೈಬಿಟ್ಟಿದೆ. ಹಾಗಾಗಿ ಪ್ರಶ್ನಾವಳಿಯ ಫಲಿತಾಂಶವನ್ನು ಹೊಸ ಮಾರ್ಗಸೂಚಿಯೊಂದಿಗೆ ಹೋಲಿಸುವಾಗ ಈ ವ್ಯತ್ಯಾಸವನ್ನು ಪ್ರಬಂಧದಲ್ಲಿ ಬರೆಯಲೇಬೇಕು. ಗುಡ್ಡೆಯ ಮೇಲಿನ ಮನೆಯಿಂದ ಕೆಳಗಿನ ತೋಟಕ್ಕೆ ದಿನಕ್ಕೆ ಹತ್ತಾರು ಸಲ ಐದೈದು ನಿಮಿಷ ಏರಿಳಿಯುವವರ ಶ್ರಮ ಅಲ್ಲಿ ಮಾಯವಾಗಿರುತ್ತದೆ.

ಇಷ್ಟು ಹೇಳಿದ ಮೇಲೆ ಇದಕ್ಕೆ ವಿರುದ್ಧ ದಿಕ್ಕಿನ ತಪ್ಪನ್ನೂ ಹೇಳಬೇಕು. ‘ನಾವು ದುಡಿಯುವವರು, ನಮಗೇಕೆ ವ್ಯಾಯಾಮ?’ ಎಂಬ ಮಾತು ಊರಲ್ಲಿ ಬಹಳ ಕೇಳುತ್ತೇವೆ. 2720 ಎಂಬ ಅಂಕಿ ನೋಡಿ ಸಂಶೋಧಕರೂ ‘ಇವರಿಗೆ ಚಿಂತೆಯಿಲ್ಲ’ ಎಂದು ಬರೆದರೆ ಅದೂ ತಪ್ಪೇ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಕೆಲಸದಲ್ಲಿ ಹೆಚ್ಚು ದೈಹಿಕ ಶ್ರಮವಿರುವ ಗಂಡಸರ ಸಾವಿನ ಅಪಾಯ ಕಡಿಮೆ ಶ್ರಮದವರಿಗಿಂತ ಶೇ. 18ರಷ್ಟು ಹೆಚ್ಚು ಕಂಡಿತು. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ. ಬಡತನ, ತಂಬಾಕುಗಳ ಪ್ರಭಾವವನ್ನು ಎಷ್ಟು ಬೇರ್ಪಡಿಸಲಾಗಿದೆ ಎಂಬ ಚರ್ಚೆ ಮುಂದುವರಿದಿದೆ. ಆದರೆ ಕಾರಣಗಳು ಊಹೆಗೆ ನಿಲುಕುವಂಥವು: ಬಿಡುವಿನ ವ್ಯಾಯಾಮ ಅರ್ಧ ಗಂಟೆ ಏದುಸಿರು ಬರಿಸಿ ವಿಶ್ರಾಂತಿ ಕೊಡುತ್ತದೆ. ಕೂಲಿ ಕೆಲಸ ಎಂಟು ಗಂಟೆ ನಡೆಯುತ್ತದೆ. ಹೃದಯ ಬಲಗೊಳ್ಳುವಷ್ಟು ತೀವ್ರತೆ ಅದರಲ್ಲಿರುವುದಿಲ್ಲ, ಸುಧಾರಿಸಿಕೊಳ್ಳುವಷ್ಟು ಬಿಡುವೂ ಇರುವುದಿಲ್ಲ. ಭಾರ ಎತ್ತುವಾಗ, ಬಗ್ಗಿಯೇ ಇರುವಾಗ ರಕ್ತದೊತ್ತಡ ಏರಿ ನಿಲ್ಲುತ್ತದೆ. ಒಂದೇ ಭಂಗಿಯ ಕೆಲಸ ಕೆಲವು ಸ್ನಾಯುಗಳನ್ನು ಮಾತ್ರ ದಣಿಸುತ್ತದೆ.

ನಮ್ಮ ತೋಟಗಳಲ್ಲಿ ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಬಗ್ಗಿ ಹುಲ್ಲು ಹೆರೆಯುವ, ಕೂತು ಅಡಿಕೆ ಸುಲಿಯುವ ಅರುವತ್ತರ ಹೆಂಗಸಿಗೆ ಯಾವ ವ್ಯಾಯಾಮ ಸೇರಿಸಬೇಕು? ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ವ್ಯಾಯಾಮ ಹೇಳುತ್ತದೆ. ಆ ಹೆಂಗಸಿಗೆ ನಡಿಗೆ ಬೇಕಾಗಿಲ್ಲ. ಬೇಕಾದದ್ದು ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತುವುದು, ಬೆನ್ನು ಹಿಂದಕ್ಕೆ ಬಾಗಿಸುವುದು. ಇಂಥ ಸಮತೋಲನದ ವ್ಯಾಯಾಮ ಹಿರಿಯರ ಬೀಳುವಿಕೆಯನ್ನು ಸುಮಾರು ಶೇ. 24ರಷ್ಟು ಇಳಿಸುತ್ತದೆ ಎಂದು, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ ವಿಮರ್ಶೆ ತೋರಿಸಿದೆ. ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಳ್ಳುವುದು ನಮ್ಮ ಮಳೆಗಾಲದ ದೊಡ್ಡ ಕಷ್ಟ. ಒಂದು ಪಂಚಾಯತಿನ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಘಟಕಗಳಲ್ಲಿ ಇದನ್ನು ಸರಿಯಾಗಿ ನಡೆಸಿ ಒಂದು ಮಳೆಗಾಲದ ಬೀಳುವಿಕೆಗಳನ್ನು ಎಣಿಸಿದರೆ, ಅದು ಹತ್ತು ಸಮೀಕ್ಷೆಗಳಿಗಿಂತ ಹೆಚ್ಚು ಉಪಕಾರವಾದೀತು. ಎಣಿಸುವುದು ಹೇಗೆಂದೂ ಹೇಳಿಬಿಡುತ್ತೇವೆ: ‘ಕಳೆದ ವರ್ಷ ಎಷ್ಟು ಸಲ ಬಿದ್ದಿರಿ?’ ಎಂದು ಕೇಳಿದರೆ ಮರೆತಿರುತ್ತಾರೆ. ಮನೆಯ ಗೋಡೆ ಪಂಚಾಂಗದಲ್ಲಿ ಬಿದ್ದ ದಿನಕ್ಕೆ ಗುರುತು ಹಾಕಿಸಿ, ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯ ಮೂಲಕವೋ ಫೋನಿನಲ್ಲೋ ವಿಚಾರಿಸಬೇಕು.

ಭಾಷೆಯ ವಿಷಯದಲ್ಲಿ ನಾವು ರಾಜಿ ಮಾಡಿಕೊಳ್ಳಲಾರೆವು. 1956ರ ನವೆಂಬರ್ 1ರಿಂದ ಈ ನೆಲ ಕೇರಳದಲ್ಲಿದೆ. ಇಲ್ಲಿಯ ಎಷ್ಟೋ ಹಿರಿಯರು ಓದಿದ್ದು ಕನ್ನಡ ಶಾಲೆಯಲ್ಲಿ, ಮನೆಯಲ್ಲಿ ಆಡುವುದು ತುಳು, ಹವ್ಯಕ, ಕರಾಡ, ಕೊಂಕಣಿ, ಬ್ಯಾರಿ ಅಥವಾ ಮರಾಟಿ. ಮಲಯಾಳದಲ್ಲಿ ಮಾತ್ರ ಅಚ್ಚಾದ ಸಮ್ಮತಿ ಪತ್ರಕ್ಕೆ ಇವರು ಸಹಿ ಹಾಕಿದರೆ ಅದು ತಿಳಿದು ಕೊಟ್ಟ ಸಮ್ಮತಿಯಲ್ಲ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು ಎಂದು ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸಂಹಿತೆ ಹೇಳುತ್ತದೆ. ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು. ಶಾಲಾ ಮಕ್ಕಳಾದರೆ ಹೆತ್ತವರ ಸಮ್ಮತಿ ಸಾಲದು. ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆ ಬಾಯಿಮಾತಲ್ಲಿ, ಹನ್ನೆರಡು ದಾಟಿದವರದು ಬರೆಹದಲ್ಲಿ ಬೇಕು. ತರಗತಿಯ ಮಕ್ಕಳನ್ನೆಲ್ಲ ಸಾಲಾಗಿ ಮೈದಾನಕ್ಕೆ ಕರೆತಂದು ಓಡಿಸಿ ಸಮಯ ಬರೆದುಕೊಳ್ಳುವುದನ್ನು ಸಂಶೋಧನೆ ಎನ್ನಲಾಗದು.

ಕನ್ನಡ ಪ್ರಶ್ನಾವಳಿ ಬೇಕೆಂದರೆ ಇಂಗ್ಲಿಷನ್ನು ಫೋನಿನಲ್ಲಿ ತಿರುಗಿಸಿ ಅಚ್ಚು ಹಾಕುವುದಲ್ಲ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು. ಎರಡನ್ನೂ ಕೂರಿಸಿ ಒಂದು ಪ್ರತಿ ಮಾಡಬೇಕು. ಮೂಲವನ್ನು ನೋಡದ ಇನ್ನಿಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರಬೇಕು. ತಜ್ಞರ ಸಮಿತಿ ಎಲ್ಲ ಪ್ರತಿಗಳನ್ನು ಹೋಲಿಸಬೇಕು. ಕೊನೆಗೆ 30ರಿಂದ 40 ಜನರಲ್ಲಿ ಪರೀಕ್ಷಿಸಿ, ‘ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ನೆನಪಾಯಿತು?’ ಎಂದು ಪ್ರತಿಯೊಬ್ಬರನ್ನೂ ವಿಚಾರಿಸಬೇಕು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಸಿದ್ಧವಾದ ಕನ್ನಡ ಪ್ರತಿ ಸಿಕ್ಕಿದರೂ ಈ ಕೊನೆಯ ಹಂತವನ್ನು ಕುಂಬಳೆಯಲ್ಲೋ ಅಡೂರಿನಲ್ಲೋ ಮಾಡದೆ ಬಿಡಬಾರದು. ಹವ್ಯಕ, ತುಳು ಆಡುವ ಸಂದರ್ಶಕರಿದ್ದರೆ ವಿವರಣೆಯ ಮಾತುಗಳನ್ನೂ ಮೊದಲೇ ಬರೆದಿಟ್ಟು ಎಲ್ಲರೂ ಒಂದೇ ರೀತಿ ಹೇಳಬೇಕು.

ನೆಮ್ಮದಿಯನ್ನು ಅಳೆಯಲು ಸಾಮಾನ್ಯವಾಗಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐದು ವಾಕ್ಯಗಳ ಸೂಚಿ. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ಶಾಂತವಾಗಿತ್ತೇ, ಎದ್ದಾಗ ಹುರುಪಿತ್ತೇ ಎಂಬಂಥವು. ಪ್ರತಿಯೊಂದಕ್ಕೆ 0ರಿಂದ 5. ಮೊತ್ತವನ್ನು 4ರಿಂದ ಗುಣಿಸಿದರೆ 100ರೊಳಗಿನ ಅಂಕ. ಐವತ್ತಕ್ಕಿಂತ ಕೆಳಗೆ ಬಂದರೆ ಖಿನ್ನತೆಯಿದೆಯೇ ಎಂದು ಮುಂದೆ ವಿಚಾರಿಸಬೇಕು. ಜಗಲಿಯಲ್ಲಿ ಅತ್ತೆ, ಮಾವ, ನೆರೆಮನೆಯವರು ಸುತ್ತ ಕೂತಿರುವಾಗ ಸೊಸೆಯನ್ನು ಇದನ್ನು ಕೇಳಿದರೆ ಉತ್ತರವೆಲ್ಲ ‘ಒಳ್ಳೆದುಂಟು’ ಎಂದೇ ಬರುತ್ತದೆ. ಬೇರೆ ಕಡೆ ಕೂರಿಸಿ ಹೆಂಗಸೇ ಕೇಳಬೇಕು. ಇದಕ್ಕಿಂತ ಗಂಭೀರ ಸಂಗತಿ: ಅಂಕ 20 ಬಂದವರ ಮನೆಯಿಂದ ಕಾಗದ ಮಡಚಿ ಹೊರಟುಬಿಡುವುದು. ಸಮೀಕ್ಷೆ ಶುರುವಾಗುವ ಮುನ್ನವೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೊಂದಿಗೆ ಮಾತಾಡಿ, ಯಾರನ್ನು ಯಾವಾಗ ಕಳುಹಿಸುವುದೆಂದು ನಿಶ್ಚಯಿಸಿರಬೇಕು. ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅಚ್ಚಾದ ಚೀಟಿಯನ್ನು ಅಂಕ ನೋಡದೆ ಎಲ್ಲರಿಗೂ ಕೊಡಬೇಕು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇನ್ನು ಮೈಯ ಪರೀಕ್ಷೆಗಳು. ಆರು ನಿಮಿಷದ ನಡಿಗೆಗೆ 30 ಮೀಟರಿನ ಸಮತಟ್ಟಾದ ನೇರ ಹಾದಿ ಬೇಕು. ಮನೆಯಂಗಳ ಸಾಲದು, ಶಾಲೆಯ ಉದ್ದನೆಯ ಜಗಲಿಯೋ ಸಭಾಭವನವೋ ಆಗಬೇಕು. 15 ಮೀಟರಿನಲ್ಲಿ ಮಾಡಿದರೆ ತಿರುಗುವುದು ಇಮ್ಮಡಿಯಾಗಿ ದೂರ ಕಡಿಮೆ ಬರುತ್ತದೆ, ಬೇರೆಯವರ ಅಂಕಿಯೊಂದಿಗೆ ಹೋಲಿಸಲಾಗದು. ಮೊದಲು ಹತ್ತು ನಿಮಿಷ ಕೂರಿಸಬೇಕು. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾದವರನ್ನೂ ಎದೆನೋವು ಹತೋಟಿಗೆ ಬಾರದವರನ್ನೂ ನಡೆಸಬಾರದು. ವಿಶ್ರಾಂತಿಯಲ್ಲೇ ನಾಡಿ 120 ದಾಟಿದ್ದರೆ, ರಕ್ತದೊತ್ತಡ 180/100 ಮೀರಿದ್ದರೆ ವೈದ್ಯರ ಮಾತಿಲ್ಲದೆ ಬೇಡ. ಸಂಶೋಧಕರು ಪಕ್ಕದಲ್ಲಿ ನಡೆಯಬಾರದು, ಏಕೆಂದರೆ ಅವರ ವೇಗಕ್ಕೆ ಇವರು ಹೆಜ್ಜೆ ಹಾಕಿಬಿಡುತ್ತಾರೆ. ನಿಮಿಷಕ್ಕೊಮ್ಮೆ ಸಮನಾದ ದನಿಯಲ್ಲಿ ನಿಗದಿಯಾದ ಒಂದು ಮಾತು ಮಾತ್ರ. ಊರವರು ಸುತ್ತ ನಿಂತು ಹುರಿದುಂಬಿಸಿದರೆ ಆ ದಿನದ ಅಳತೆಯನ್ನು ಬಿಟ್ಟು ಇನ್ನೊಂದು ದಿನ ಮಾಡಬೇಕು. ಒಂದು ಕಾರ್ಯಕ್ರಮದ ಮೊದಲೂ ಆಮೇಲೂ ಅಳೆಯುವುದಾದರೆ ಮೊದಲ ದಿನವೇ ಒಂದು ಅಭ್ಯಾಸ ನಡಿಗೆ ಮಾಡಿಸಿ, ಎರಡನೆಯದನ್ನು ಬರೆದುಕೊಳ್ಳಿ. ಇಲ್ಲದಿದ್ದರೆ ರೂಢಿಯಿಂದ ಹೆಚ್ಚಿದ ದೂರ ವ್ಯಾಯಾಮದ ಖಾತೆಗೆ ಹೋಗುತ್ತದೆ.

ಮೂವತ್ತು ಸೆಕೆಂಡಿನ ಕುರ್ಚಿ ಪರೀಕ್ಷೆಗೆ ಕೈಯಿಲ್ಲದ, 43 ಸೆಂಟಿಮೀಟರ್ ಎತ್ತರದ, ಗಟ್ಟಿ ಕುರ್ಚಿ. ಅದನ್ನು ಗೋಡೆಗೆ ತಾಗಿಸಿ ಇಡಬೇಕು. ಎಲ್ಲ ಮನೆಗಳಲ್ಲಿ ಸಿಗುವ ಪ್ಲಾಸ್ಟಿಕ್ ಕುರ್ಚಿ ಬಾಗುತ್ತದೆ, ನುಣುಪು ನೆಲದಲ್ಲಿ ಹಿಂದಕ್ಕೆ ಜಾರುತ್ತದೆ. ಒಂದೇ ಕುರ್ಚಿಯನ್ನು ಜೀಪಿನಲ್ಲಿ ಎಲ್ಲ ಕಡೆ ಒಯ್ಯುವುದು ಲೇಸು. ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು ಪೂರ್ತಿ ನಿಂತದ್ದನ್ನು ಮಾತ್ರ ಎಣಿಸಬೇಕು. ಸಮಯ ಮುಗಿಯುವಾಗ ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಅದೂ ಒಂದು. ಮುಂಗೈ ಹಿಡಿತಕ್ಕೆ ಡೈನಮೋಮೀಟರ್: ಮೊಣಕೈ ಸಮಕೋನದಲ್ಲಿ ಮಡಚಿ, ಪ್ರತಿ ಕೈಗೆ ಮೂರು ಸಲ, ಹೆಚ್ಚಿನದನ್ನು ಬರೆಯುವುದು. ಏಷ್ಯಾದವರಿಗೆ 2019ರಲ್ಲಿ ನಿಗದಿಯಾದ ಮಿತಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ. ಅದಕ್ಕಿಂತ ಕೆಳಗೆ ಬಂದರೆ ಸ್ನಾಯುಬಲ ಕುಂದಿದೆ ಎಂದರ್ಥ. ಆದರೆ ಕತ್ತಿ ಹಿಡಿದು ದಿನವಿಡೀ ದುಡಿಯುವವರ ಮುಂಗೈ ಗಟ್ಟಿಯಿದ್ದು ತೊಡೆ ಬಡವಾಗಿರಬಹುದು. ಹಿಡಿತವೊಂದನ್ನೇ ನೋಡಿ ಇಡೀ ಮೈಗೆ ಬಲದ ಪ್ರಮಾಣಪತ್ರ ಕೊಡಬೇಡಿ.

ರಕ್ತದೊತ್ತಡ ನೋಡುವ ಅರ್ಧ ಗಂಟೆ ಮೊದಲಿಂದ ಚಾ, ಬೀಡಿ, ಎಲೆ ಅಡಿಕೆ ಬೇಡವೆಂದು ಹಿಂದಿನ ದಿನವೇ ಹೇಳಿರಬೇಕು. ತಂಬಾಕು ಸೇರಿದ ಎಲೆ ಅಡಿಕೆ ನಾಡಿ, ಒತ್ತಡ ಎರಡನ್ನೂ ಏರಿಸುತ್ತದೆ. ಅತಿಥಿಗಳೆದುರು ಹರಿವಾಣ ಇಡುವ ನಮ್ಮ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕೂರಿಸಿ, ತೋಳಿನ ಗಾತ್ರಕ್ಕೆ ತಕ್ಕ ಪಟ್ಟಿ ಕಟ್ಟಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಕನಿಷ್ಠ ಎರಡು ಸಲ ನೋಡಬೇಕು. ಪಟ್ಟಿ ಚಿಕ್ಕದಾದರೆ ಇಲ್ಲದ ಒತ್ತಡ ಕಾಣುತ್ತದೆ.

ಯಂತ್ರಗಳನ್ನು ನಂಬುವ ಮೊದಲೂ ಯೋಚಿಸಬೇಕು. ಸೊಂಟಕ್ಕೆ ಕಟ್ಟುವ ಚಲನಮಾಪಕ ಹೆಜ್ಜೆಯನ್ನು ಹಿಡಿಯುತ್ತದೆ, ಹೊರೆಯನ್ನು ಹಿಡಿಯುವುದಿಲ್ಲ. ಬರಿಗೈಯಲ್ಲಿ ನಡೆದರೂ ಸೊಪ್ಪಿನ ಕಟ್ಟ ಹೊತ್ತು ನಡೆದರೂ ಅದಕ್ಕೆ ಒಂದೇ. ಮಣಿಕಟ್ಟಿಗೆ ಕಟ್ಟಿದರೆ ಕೂತು ಅಡಿಕೆ ಸುಲಿಯುವುದನ್ನೂ ದೊಡ್ಡ ಶ್ರಮವೆಂದು ತೋರಿಸುತ್ತದೆ. ಏಳು ದಿನ ಕಟ್ಟಿಸಿ, ದಿನಕ್ಕೆ ಕನಿಷ್ಠ 10 ಗಂಟೆಯಂತೆ ರಜಾದಿನವೂ ಸೇರಿ ನಾಲ್ಕು ದಿನದ ದಾಖಲೆ ಸಿಕ್ಕಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿ. ಸ್ನಾನಕ್ಕೆ ಬಿಚ್ಚಿಟ್ಟು ಮರೆಯುವುದೇ ದಾಖಲೆ ಕಳೆದುಹೋಗಲು ಮುಖ್ಯ ಕಾರಣ. ಬೆಳಗ್ಗೆ ಒಂದು ಫೋನ್ ಕರೆ ಮಾಡಿದರೆ ಅರ್ಧ ಸಮಸ್ಯೆ ತೀರುತ್ತದೆ. ಜೊತೆಗೆ ಯಾವ ಹೊತ್ತಿಗೆ ಯಾವ ಕೆಲಸ ಎಂಬ ದಿನಚರಿ ಬರೆಸದಿದ್ದರೆ ಅಂಕಿಗಳಿಗೆ ಅರ್ಥವಿಲ್ಲ. ಮೊಬೈಲಿನ ಹೆಜ್ಜೆ ಎಣಿಕೆ ನಮ್ಮ ಹೆಂಗಸರ ಮಟ್ಟಿಗೆ ಕೆಲಸಕ್ಕೆ ಬಾರದು, ಮೊಬೈಲು ಅಡುಗೆಮನೆಯ ಕಪಾಟಿನಲ್ಲಿರುತ್ತದೆ. ಹತ್ತು ಸಾವಿರ ಹೆಜ್ಜೆಯ ಗುರಿಯೂ ಶಾಸ್ತ್ರವಾಕ್ಯವಲ್ಲ. ಅದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ಹೆಸರಿನಿಂದ ಹರಡಿದ್ದು. ಅಮೆರಿಕದ 16,741 ಹಿರಿಯ ಹೆಂಗಸರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆಯಿಂದಲೇ ಲಾಭ ಕಂಡಿತು, 7,500ರ ಸುಮಾರಿನ ಮೇಲೆ ಲಾಭ ಮತ್ತೆ ಹೆಚ್ಚಲಿಲ್ಲ. ನಾಡಿ ನೋಡಿ ಶ್ರಮ ಅಳೆಯುವವರು ರಕ್ತದೊತ್ತಡಕ್ಕೆ ಯಾವ ಮಾತ್ರೆ ತಿನ್ನುತ್ತಾರೆಂದು ಮೊದಲು ಕೇಳಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು ನಾಡಿಯನ್ನು ಏರಗೊಡುವುದಿಲ್ಲ. ಏದುಸಿರು ಬಿಡುತ್ತಿರುವವರೂ ಯಂತ್ರದಲ್ಲಿ ಆರಾಮವಾಗಿರುವಂತೆ ಕಾಣುತ್ತಾರೆ.

ಹೊತ್ತು, ಋತುಗಳ ಆಯ್ಕೆಯಲ್ಲೂ ಫಲಿತಾಂಶ ಅಡಗಿದೆ. ವಾರದ ದಿನ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಮಾತ್ರ ಮನೆಗೆ ಹೋದರೆ ಸಿಗುವುದು ಮುದುಕರು ಮತ್ತು ಮನೆವಾಳ್ತೆಯ ಹೆಂಗಸರು. ಕೂಲಿಯವರು, ಅಂಗಡಿಯವರು, ಮೀನುಗಾರರು ಬಿಟ್ಟುಹೋಗುತ್ತಾರೆ. ಅಡಿಕೆ ಕೊಯ್ಲಿನ ತಿಂಗಳ ಉತ್ತರವನ್ನೂ ಆಟಿಯ ಮಳೆಯ ಉತ್ತರವನ್ನೂ ಒಂದೇ ಚೀಲಕ್ಕೆ ಹಾಕಬಾರದು. ರಂಜಾನ್ ಉಪವಾಸದ ತಿಂಗಳನ್ನು ಬೇರೆಯಾಗಿ ಗುರುತಿಸಬೇಕು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಓಟದ ಪರೀಕ್ಷೆ ನಡೆಸುವುದು ಅಪಾಯ. ನಮ್ಮ ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಆದ್ದರಿಂದ ಉಷ್ಣಮಾಪಕದ ಅಂಕಿಯೊಂದೇ ಸಾಲದು. ಹಸಿಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿನ ಕಾವು ಅಳೆಯುವ ಕರಿಗೋಲದ ಅಂಕಿಗೆ ಎರಡು, ನೆರಳಿನ ಗಾಳಿಗೆ ಒಂದು ಪಾಲು ತೂಕ ಕೊಟ್ಟು ಲೆಕ್ಕ ಹಾಕುವ ಪದ್ಧತಿಯಿದೆ. ಅಷ್ಟು ಮಾಡಲಾಗದಿದ್ದರೆ ಬೆಳಗ್ಗೆ ಎಂಟರೊಳಗೆ ಮುಗಿಸಿ, ಮೊದಲೂ ನಂತರವೂ ಅದೇ ಹೊತ್ತಿಗೆ ಅಳೆಯಿರಿ.

ಕ್ರೀಡಾ ಸಂಶೋಧನೆ ಎಂದರೆ ಕ್ರಿಕೆಟ್, ಅತ್ಲೆಟಿಕ್ಸ್ ಮಾತ್ರ ಎಂಬ ಭಾವನೆಯೂ ಹೋಗಬೇಕು. ಪಾರ್ತಿಸುಬ್ಬನ ಈ ನೆಲದಲ್ಲಿ ಯಕ್ಷಗಾನ ಕಲಾವಿದರ ಮೈ ಪಡುವ ಪಾಡು ಯಾವ ಆಟಗಾರನಿಗೂ ಕಡಿಮೆಯಲ್ಲ. ತೆಂಕುತಿಟ್ಟಿನ ಪುಂಡುವೇಷದ ಧಿಗಿಣಗಳಲ್ಲಿ, ಅಂದರೆ ಹಾರಿ ಸುತ್ತುವ ಕುಣಿತದಲ್ಲಿ, ಮೊಣಕಾಲು, ಪಾದದ ಗಂಟುಗಳ ಮೇಲೆ ಬೀಳುವ ಹೊಡೆತ, ಭಾರದ ಕಿರೀಟ ಹೊತ್ತ ಕೊರಳು, ನಿದ್ದೆಗೆಟ್ಟ ರಾತ್ರಿಗಳು, ಇವು ಅಧ್ಯಯನಕ್ಕೆ ಅರ್ಹ. ಇಲ್ಲೊಂದು ಎಚ್ಚರ: ‘ಪೆಟ್ಟಾಗಿ ಎಷ್ಟು ಆಟ ತಪ್ಪಿತು?’ ಎಂದು ಕೇಳಿದರೆ ‘ಒಂದೂ ಇಲ್ಲ’ ಎಂದು ಬರುತ್ತದೆ, ಏಕೆಂದರೆ ನೋವಿದ್ದರೂ ಗೆಜ್ಜೆ ಕಟ್ಟುವುದು ಅಲ್ಲಿಯ ನಡತೆ. ಅದಕ್ಕೆ ಓಸ್ಲೋದ ಕ್ರೀಡಾಗಾಯ ಸಂಶೋಧನಾ ಕೇಂದ್ರದವರು 2013ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳ ವಾರದ ವಿಧಾನ ಹೊಂದುತ್ತದೆ: ಭಾಗವಹಿಸಲು ಕಷ್ಟವಾಯಿತೇ, ಅಭ್ಯಾಸ ಕಡಿಮೆ ಮಾಡಬೇಕಾಯಿತೇ, ಪ್ರದರ್ಶನ ಕುಂದಿತೇ, ನೋವು ಎಷ್ಟು. ಒಂದು ರಾತ್ರಿಯ ಹೊರೆ ತಿಳಿಯಲು, ಮುಗಿದು ಅರ್ಧ ಗಂಟೆಯ ನಂತರ ‘ಒಟ್ಟಾರೆ ಶ್ರಮ ಹತ್ತರಲ್ಲಿ ಎಷ್ಟು?’ ಎಂದು ಕೇಳಿ ನಿಮಿಷಗಳಿಂದ ಗುಣಿಸಬೇಕು. 90 ನಿಮಿಷದ ವೇಷಕ್ಕೆ 6 ಎಂದರೆ 540. ದೀಪಾವಳಿಯ ಬಳಿಕ ತಿರುಗಾಟ ಹೊರಡುವ ಮೊದಲೊಮ್ಮೆ, ನಡುವೆ ವಾರವಾರ, ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೊಮ್ಮೆ ಅಳೆದರೆ ಪೂರ್ತಿ ಚಿತ್ರ ಸಿಗುತ್ತದೆ. ಕಬಡ್ಡಿ, ಹಗ್ಗಜಗ್ಗಾಟದ ತಂಡಗಳಿಗೂ ಇದೇ ಕ್ರಮ ಸಾಕು.

ಆರು ವಾರ ಯೋಗ ಮಾಡಿಸಿ ‘ಮೊದಲು ಇಷ್ಟಿತ್ತು, ಈಗ ಇಷ್ಟಾಯಿತು’ ಎಂದು ತೋರಿಸುವ ಪ್ರಬಂಧಗಳು ಬಹಳ. ಹೋಲಿಕೆಯ ಗುಂಪಿಲ್ಲದ ಇಂಥ ಅಧ್ಯಯನದಿಂದ ಏನೂ ಸಾಬೀತಾಗುವುದಿಲ್ಲ. ತೀರಾ ಕಡಿಮೆ ಅಂಕದವರನ್ನೇ ಆರಿಸಿದ್ದರೆ ಎರಡನೇ ಸಲ ಅಳೆದಾಗ ಏನೂ ಮಾಡದೆಯೂ ಅಂಕ ಮೇಲೇರುತ್ತದೆ. ಮಧ್ಯಮ ಗಾತ್ರದ, ಅಂದರೆ ಅರ್ಧ ಪ್ರಮಾಣ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದರಿವೆ ಎಂಬ ಅಳತೆಯ ಅರ್ಧದಷ್ಟು) ವ್ಯತ್ಯಾಸವನ್ನು ಶೇ. 80 ಭರವಸೆಯಿಂದ ಹಿಡಿಯಲು ಗುಂಪಿಗೆ 64 ಜನ ಬೇಕು. ಐವರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆಂದು 80 ಮಂದಿಯನ್ನು ಸೇರಿಸಿಕೊಳ್ಳಬೇಕು. ಹದಿನೈದು ಜನರಲ್ಲಿ ಮಾಡಿ ತೀರ್ಮಾನ ಹೇಳುವುದು ಬೇಡ. ವ್ಯಾಯಾಮ ಸಿಗದ ಗುಂಪಿಗೆ ಬೇಸರವಾದೀತು ಎಂದಾದರೆ ಮೂರು ತಿಂಗಳ ಬಳಿಕ ಅವರಿಗೂ ಕಲಿಸುವ ವ್ಯವಸ್ಥೆ ಮಾಡಬಹುದು. ವೈದ್ಯಕೀಯ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ರಾಷ್ಟ್ರೀಯ ದಾಖಲಾತಿಯಲ್ಲಿ ನೋಂದಾಯಿಸಬೇಕು.

ಕೊನೆಯದಾಗಿ, ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ದಶಕಗಳ ನೋವು ಉಂಡ ಊರುಗಳಿವು. ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಮನೆಗಳು ತಂಡದ ಮೇಲೆ ತಂಡಕ್ಕೆ ಉತ್ತರ ಹೇಳಿ ದಣಿದಿವೆ. ಅಲ್ಲಿಗೆ ಮತ್ತೊಂದು ಪ್ರಶ್ನಾವಳಿ ಹಿಡಿದು ಹೋಗುವವರು ಏನನ್ನು ಕೊಟ್ಟು ಬರುತ್ತೇವೆಂದು ಮೊದಲು ನಿಶ್ಚಯಿಸಿರಲಿ. ಅಂಗವಿಕಲರ ದೈಹಿಕ ಚಟುವಟಿಕೆಗೆ 2020ರ ಮಾರ್ಗಸೂಚಿಯಲ್ಲಿ ಮೊದಲ ಬಾರಿಗೆ ಪ್ರತ್ಯೇಕ ಸಲಹೆ ಬಂದಿದೆ. ಅಂಗವಿಕಲ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗಳ ಮಕ್ಕಳಿಗೆ ಕೂತು ಆಡುವ ವಾಲಿಬಾಲ್, ಗಾಲಿಕುರ್ಚಿಯಲ್ಲಿ ಚೆಂಡೆಸೆತ, ನೀರಿನ ವ್ಯಾಯಾಮ ಕಲಿಸುವ ಒಂದು ಅಧ್ಯಯನ, ತಾಯಂದಿರ ಬೆನ್ನುನೋವಿಗೆ ಮಗುವನ್ನು ಎತ್ತುವ ಸರಿಯಾದ ಕ್ರಮ ಕಲಿಸುವ ಇನ್ನೊಂದು, ಇಂಥವು ನಡೆಯಲಿ.

ಪಂಚಾಯತು ಸದಸ್ಯರಲ್ಲಿ, ಶಾಲಾ ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುವುದಿಷ್ಟು. ಯಾವುದೇ ತಂಡ ಬಂದರೆ ನೀತಿ ಸಮಿತಿಯ ಅನುಮತಿ ಪತ್ರ, ಕನ್ನಡದ ಮಾಹಿತಿ ಪತ್ರ, ಕನ್ನಡದ ಸಮ್ಮತಿ ಪತ್ರ ಕೇಳಿ ನೋಡಿ. ಅಳತೆ ಮಾಡಿದ ದಿನವೇ ಪ್ರತಿಯೊಬ್ಬರಿಗೂ ಅವರ ತೂಕ, ರಕ್ತದೊತ್ತಡ, ಕುರ್ಚಿ ಪರೀಕ್ಷೆಯ ಎಣಿಕೆ ಬರೆದ ಚೀಟಿ ಕೊಡಬೇಕೆಂದು ಒಪ್ಪಿಸಿಕೊಳ್ಳಿ. ಪ್ರಬಂಧ ಸಲ್ಲಿಕೆಯಾಗಿ ಆರು ತಿಂಗಳೊಳಗೆ ಎರಡು ಪುಟಗಳ ಕನ್ನಡ ಸಾರಾಂಶ ಪಂಚಾಯತಿಗೂ ಊರಿನ ವಾಚನಾಲಯಕ್ಕೂ ತಲುಪಬೇಕೆಂದು ಬರೆಹದಲ್ಲಿ ಪಡೆದುಕೊಳ್ಳಿ. ಇಷ್ಟಕ್ಕೆ ಒಪ್ಪದ ತಂಡಕ್ಕೆ ಅನುಮತಿ ಕೊಡಬೇಡಿ.

ಇತಿ,
ವ್ಯಾಯಾಮ ವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯ ವಿಷಯಗಳ ಕೆಲವು ಅಧ್ಯಾಪಕರು,
ಕುಂಬಳೆ – ಬದಿಯಡ್ಕ, ಕಾಸರಗೋಡು ಜಿಲ್ಲೆ